ಕೋಪರ್ ಬರುವಷ್ಟರಲ್ಲಿ ಮೂವರ ಪರಿಚಯ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಸ್ಲೋ ಲೋಕಲ್ ಟ್ರೈನ್ ಹತ್ತಿದರೆ ಮುಂದಿನ ಸ್ಟೇಶನ್ ಕೋಪರ್. ಅದು ಬರುವಷ್ಟರಲ್ಲಿ ನನ್ನ ಮಗಳಿಗೆ ಮೂವರ ಪರಿಚಯ ಆಗಿರುತ್ತದೆ. ಅವಳಿಗೆ ಈಗ ನಾಲ್ಕು ವರ್ಷ. ಲೇಡೀಸ್ ಡಬ್ಬಿಯಲ್ಲಿ ಕಿಟಕಿ ಪಕ್ಕ ಕೂತ ಕಾಕೂಗೆ "ತುಮ್ಹೀ ಕುಠೇ ಚಾಲ್ಲಾತ್?" ಅನ್ನುತ್ತಾಳೆ, ಎಲ್ಲಿಗೆ ಹೊರಟಿದ್ದೀರಿ ಅಂತ. ಎದುರಿಗೆ ಬಟಾಣಿ ಸುಲಿಯುತ್ತಾ ಕೂತವರ ಹತ್ತಿರ ಎರಡು ಕಾಳು ಕೇಳಿ ತಿಂದು, ಅವರ ಮನೆಯಲ್ಲಿ ಯಾರ್ಯಾರಿದ್ದಾರೆ ಅಂತ ವಿಚಾರಿಸುತ್ತಾಳೆ. "ಪುಢೀಲ್ ಸ್ಟೇಶನ್" ಅಂತ ಅನೌನ್ಸ್‌ಮೆಂಟ್ ಶುರುವಾದರೆ ಮರಾಠಿ, ಹಿಂದಿ, ಇಂಗ್ಲಿಷ್ ಮೂರನ್ನೂ ಅದರ ಜೊತೆಗೇ ಹೇಳಿ ಮುಗಿಸುತ್ತಾಳೆ.

ನಾನು ಸ್ಪೀಚ್ ಥೆರಪಿಸ್ಟ್. ಮುಲುಂಡಿನಲ್ಲಿ ಕೆಲಸ. ಎರಡೂವರೆ ವರ್ಷವಾದರೂ ಒಂದು ಮಾತೂ ಆಡದ ಮಗುವನ್ನು ಎತ್ತಿಕೊಂಡು ಬರುವ ತಾಯಂದಿರ ಜೊತೆ ನನ್ನ ದಿನ ಕಳೆಯುತ್ತದೆ. ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಇವಳ ವರದಿ ಶುರು. ಅಜ್ಜಿ ಏನು ಅಡುಗೆ ಮಾಡಿದರು, ಲಿಫ್ಟ್ ಎಷ್ಟು ಸಲ ಕೆಟ್ಟಿತು, ವಾಚ್‌ಮನ್ ಅಂಕಲ್ ಊರಿಗೆ ಹೋಗುವುದು ಯಾವಾಗ, ಎಲ್ಲವೂ. ಆ ಸದ್ದು ನನಗೆ ಎಷ್ಟು ಬೇಕು ಅನ್ನುವುದು ಆ ತಾಯಂದಿರಿಗೆ ಮಾತ್ರ ಸರಿಯಾಗಿ ಅರ್ಥವಾದೀತು.

ಅದಕ್ಕೇ ಪ್ಲೇಸ್ಕೂಲ್ ಡೈರಿಯಲ್ಲಿ "ಜಾಸ್ತಿ ಮಾತಾಡುತ್ತಾಳೆ, ಮನೆಯಲ್ಲಿ ತಿಳಿಹೇಳಿ" ಅಂತ ಬರೆದು ಕಳಿಸಿದ ದಿನ ನನಗೆ ನಿಜಕ್ಕೂ ಬೇಜಾರಾಯಿತು. ಇದೇ ದೂರು ಹೊತ್ತು ಬರುವ ಅಪ್ಪ ಅಮ್ಮಂದಿರೂ ಇದ್ದಾರೆ. "ಮೇಡಂ, ಬಾಯಿ ಮುಚ್ಚೋದೇ ಇಲ್ಲ, ಏನಾದ್ರೂ ತೊಂದರೆ ಇರಬಹುದಾ?" ಅಂತ ಕೇಳುತ್ತಾರೆ. ಎಷ್ಟು ಮಾತಾಡುತ್ತದೆ ಅನ್ನುವುದನ್ನು ನಾನು ಲೆಕ್ಕ ಹಾಕುವುದಿಲ್ಲ. ಮಾತು ಆ ಕಡೆ ಈ ಕಡೆ ಹೋಗಿ ಬರುತ್ತದಾ ಅಂತ ನೋಡುತ್ತೇನೆ. ನಾನು ಕೇಳಿದ್ದಕ್ಕೆ ಮಗು ಉತ್ತರ ಕೊಡುತ್ತದಾ? ನನ್ನ ಮುಖ ನೋಡುತ್ತದಾ? ನನಗೆ ಅರ್ಥ ಆಗಲಿಲ್ಲ ಅಂದರೆ ಬೇರೆ ಥರ ಹೇಳುತ್ತದಾ? ಕೆಲವು ಮಕ್ಕಳು ಮೊಬೈಲಿನಲ್ಲಿ ಕೇಳಿದ ಜಾಹೀರಾತನ್ನು ಪೂರ್ತಿ ಒಪ್ಪಿಸುತ್ತವೆ, ಆದರೆ "ನೀರು ಬೇಕಾ?" ಅಂದರೆ "ನೀರು ಬೇಕಾ" ಅಂತಲೇ ತಿರುಗಿ ಹೇಳುತ್ತವೆ. ಮಾತು ಎಷ್ಟೇ ಇರಲಿ, ಅಂಥ ಮಗುವನ್ನು ತೋರಿಸಲೇಬೇಕು. ಕಂಡವರನ್ನೆಲ್ಲ ಕರೆದು ಮಾತಾಡಿಸಿ, ಅವರ ಉತ್ತರ ಕೇಳಿ ಇನ್ನೊಂದು ಪ್ರಶ್ನೆ ಹಾಕುವ ಮಗುವಿಗೆ ಬೇಕಾದದ್ದು ಕೂತು ಕೇಳುವವರು.

ಕೂತು ಕೇಳಿದರೆ ಏನೇನು ಸಿಗುತ್ತದೆ ಗೊತ್ತಾ? ಮೂರು ವರ್ಷ ಆದಾಗ ನನ್ನ ಮಗಳು "ಅಮ್ಮಾ, ನಾನು ದೋಸೆ ತಿನ್ನಿದೆ" ಅಂದಳು. ಆಮೇಲೆ "ಅಜ್ಜಿಗೆ ಕೊಡಿದೆ", "ಕುರ್ಚಿಯಿಂದ ಬೀಳಿದೆ". ಅದಕ್ಕೂ ಮೊದಲು ಅವಳು "ತಿಂದೆ", "ಕೊಟ್ಟೆ" ಅಂತ ಸರಿಯಾಗಿಯೇ ಹೇಳುತ್ತಿದ್ದಳು. ಅತ್ತೆಗೆ ಗಾಬರಿ, ಮಗು ಹಿಂದೆ ಹೋಗ್ತಿದೆ ಅಂತ. ನನಗೆ ಎತ್ತಿ ಮುದ್ದಾಡುವಷ್ಟು ಖುಷಿ. ಯಾಕೆಂದರೆ "ತಿನ್ನಿದೆ" ಅಂತ ನಮ್ಮ ಮನೆಯಲ್ಲಿ ಯಾರೂ ಹೇಳುವುದಿಲ್ಲ. ಮಾಡು, ಮಾಡಿದೆ. ಓಡು, ಓಡಿದೆ. ಹಾಡು, ಹಾಡಿದೆ. ಇವನ್ನೆಲ್ಲ ಕೇಳಿಕೊಂಡು ಅವಳೇ ಒಂದು ನಿಯಮ ಕಂಡುಹಿಡಿದಿದ್ದಳು. ಯಾರೂ ಹೇಳಿಕೊಟ್ಟಿರಲಿಲ್ಲ. 1958ರಲ್ಲಿ ಅಮೆರಿಕದ ಭಾಷಾ ಸಂಶೋಧಕಿ ಜೀನ್ ಬರ್ಕೊ ಇದನ್ನೇ ಒಂದು ಆಟದಿಂದ ತೋರಿಸಿಕೊಟ್ಟರು. ಹಕ್ಕಿಯಂಥ ಒಂದು ಚಿತ್ರ ತೋರಿಸಿ ಇದು "ವಗ್" ಅಂದರು. ಅದು ಇಲ್ಲದ ಪದ. ಎರಡು ಹಕ್ಕಿ ತೋರಿಸಿದಾಗ ಪುಟ್ಟ ಮಕ್ಕಳು "ವಗ್ಸ್" ಅಂದವು. ಕೇಳಿ ಬಾಯಿಪಾಠ ಮಾಡಿದ್ದಾದರೆ ಆ ಪದ ಬರಲು ಸಾಧ್ಯವೇ ಇರಲಿಲ್ಲ. ಮಗು "ತಿನ್ನಿದೆ" ಅಂದರೆ "ಹಾಗಲ್ಲ, ತಪ್ಪು" ಅಂತ ತಡೆಯಬೇಡಿ. "ಓ, ದೋಸೆ ತಿಂದೆಯಾ? ಎಷ್ಟು ತಿಂದೆ?" ಅಂತ ಮಾತು ಮುಂದುವರಿಸಿ. ಸರಿಯಾದ ರೂಪ ಅದರ ಕಿವಿಗೆ ಬಿದ್ದಿರುತ್ತದೆ.

ಮುಂಬೈಯ ಮಗು ಬೇರೆ. ನಮ್ಮ ಮನೆಯಲ್ಲಿ ಕನ್ನಡ, ಅಜ್ಜಿ ಜೊತೆ ತುಳು, ಕೆಳಗೆ ಆಡುವಾಗ ಮರಾಠಿ, ವಾಚ್‌ಮನ್ ಹತ್ತಿರ ಹಿಂದಿ, ಸ್ಕೂಲಲ್ಲಿ ಇಂಗ್ಲಿಷ್. ಒಂದು ದಿನ ಪ್ಲಾಟ್‌ಫಾರ್ಮ್ ಮೇಲೆ "ಅಮ್ಮಾ, ಗಾಡಿ ಬಂದಳು!" ಅಂತ ಕೂಗಿದಳು. ಅಕ್ಕಪಕ್ಕದ ಇಬ್ಬರು ಕನ್ನಡದವರು ತಿರುಗಿ ನಕ್ಕರು. ಮರಾಠಿಯಲ್ಲಿ ಗಾಡಿ ಸ್ತ್ರೀಲಿಂಗ, "ಗಾಡೀ ಆಲೀ". ಅವಳು ಆ ಲಿಂಗವನ್ನು ಕನ್ನಡಕ್ಕೆ ತಂದಿದ್ದಳು, ಅಷ್ಟೇ. ಇದು ಗೊಂದಲ ಅಲ್ಲ. ಹೆಚ್ಚು ಭಾಷೆಯಿಂದ ಮಾತು ತಡವಾಗುತ್ತದೆ, ಮನೆಯಲ್ಲಿ ಕನ್ನಡ ಬಿಟ್ಟು ಇಂಗ್ಲಿಷ್ ಮಾತಾಡಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ನಿಮ್ಮ ಬಾಯಿಗೆ ಸಲೀಸಾಗಿ ಬರುವ ಭಾಷೆಯಲ್ಲೇ ಮಗುವಿಗೆ ಒಳ್ಳೆಯ ಮಾತು ಸಿಗುವುದು.

ಮೂರೂವರೆಯಲ್ಲಿ ಇವಳು ತಡವರಿಸತೊಡಗಿದಳು. "ನಾನು ನಾನು ನಾನು ಇವತ್ತು" ಅಂತ. ದಿನವೂ ಬೇರೆಯವರಿಗೆ ಧೈರ್ಯ ಹೇಳುವ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಎರಡರಿಂದ ಐದು ವರ್ಷದೊಳಗೆ ತುಂಬಾ ಮಕ್ಕಳಿಗೆ ಹೀಗಾಗುತ್ತದೆ. ಹೇಳಬೇಕಾದದ್ದು ಬೆಟ್ಟದಷ್ಟು, ಬಾಯಿ ಇನ್ನೂ ಅಷ್ಟು ಪಳಗಿಲ್ಲ. ಇಡೀ ಪದ ಮರುಕಳಿಸಿದರೆ ಸಾಮಾನ್ಯವಾಗಿ ಭಯ ಬೇಡ. "ನ್ ನ್ ನ್" ಅಂತ ಮೊದಲ ಸದ್ದಲ್ಲೇ ಸಿಕ್ಕಿಕೊಂಡರೆ, ಸದ್ದನ್ನು ಎಳೆದರೆ, ಬಾಯಿ ತೆರೆದರೂ ದನಿ ಹೊರಡದಿದ್ದರೆ, ಕಣ್ಣು ಮಿಟುಕಿಸಿ ಮುಖ ಬಿಗಿ ಮಾಡಿದರೆ ತೋರಿಸಿ. ಮನೆಯಲ್ಲಿ ಯಾರಿಗಾದರೂ ಉಗ್ಗು ಇದ್ದರೆ ಕಾಯಲೇಬೇಡಿ. "ನಿಧಾನ ಹೇಳು, ಮೊದಲಿಂದ ಹೇಳು" ಅನ್ನುವುದನ್ನು ನನ್ನ ಗಂಡನಿಗೂ ಬಿಡಿಸಿದೆ. ನಾವೇ ನಿಧಾನವಾಗಿ ಮಾತಾಡಿದೆವು. ಮೂರು ತಿಂಗಳಲ್ಲಿ ಅದು ತಾನಾಗಿ ಹೋಯಿತು.

ಗಂಟಲಿನ ವಿಷಯ ಯಾರೂ ಹೇಳುವುದಿಲ್ಲ, ಅದಕ್ಕೆ ಹೇಳುತ್ತೇನೆ. ಗಣಪತಿ ಹಬ್ಬದಲ್ಲಿ ಹತ್ತು ದಿನ "ಮೋರ್ಯಾ" ಕೂಗಿ ಇವಳ ದನಿ ಒಡೆದುಹೋಯಿತು. ಇಷ್ಟು ಚಿಕ್ಕ ಮಕ್ಕಳ ದನಿತಂತುಗಳು ಮಾತಾಡುವಾಗ ಸೆಕೆಂಡಿಗೆ 250ರಿಂದ 300 ಸಲ ಒಂದಕ್ಕೊಂದು ತಾಗುತ್ತವೆ. ದಿನಾ ಕಿರುಚಿದರೆ, ಹಾರೆ ಹಿಡಿದ ಕೈ ಜಡ್ಡುಗಟ್ಟುವ ಹಾಗೆ ಅಲ್ಲೂ ಸಣ್ಣ ಗಂಟುಗಳು ಬರಬಹುದು. ಗೊಗ್ಗರು ದನಿ ಮೂರು ವಾರ ದಾಟಿದರೆ ಇ.ಎನ್.ಟಿ. ಡಾಕ್ಟರಿಗೆ ತೋರಿಸಿ. ಗಂಟು ಇದ್ದರೂ ಹೆಚ್ಚಾಗಿ ಆಪರೇಶನ್ ಬೇಕಾಗುವುದಿಲ್ಲ, ದನಿ ಬಳಸುವ ರೀತಿ ಬದಲಾದರೆ ಕಡಿಮೆಯಾಗುತ್ತದೆ. ಆಗಾಗ ನೀರು ಕೊಡಿ. ಆ ಕೋಣೆಯಿಂದ ಈ ಕೋಣೆಗೆ ಕೂಗಿ ಮಾತಾಡುವುದನ್ನು ಮೊದಲು ದೊಡ್ಡವರು ಬಿಡಬೇಕು. ಮಗು ಸದಾ ಜೋರಾಗಿ ಮಾತಾಡಿದರೆ ಕಿವಿ ಪರೀಕ್ಷೆಯೂ ಆಗಲಿ. ಬಾಂದ್ರಾದಲ್ಲಿ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಇದೆ, ಮಾತು ಮತ್ತು ಕಿವಿಯ ತೊಂದರೆಗಳಿಗೆಂದೇ ಇರುವ ಕೇಂದ್ರ ಸರ್ಕಾರದ ಸಂಸ್ಥೆ.

ಅಪರಿಚಿತರ ಜೊತೆ ಮಾತಾಡಬೇಡ ಅಂತ ನಾನು ಇವಳಿಗೆ ಹೇಳಿಲ್ಲ. ಅಮ್ಮನ ಕೈ ಹಿಡಿದಾಗ ಯಾರ ಜೊತೆ ಬೇಕಾದರೂ ಮಾತಾಡು, ಕೈ ಬಿಟ್ಟು ಯಾರ ಜೊತೆಗೂ ಹೋಗಬೇಡ ಅಂದಿದ್ದೇನೆ. ನನ್ನ ಫೋನ್ ನಂಬರನ್ನು ಹಾಡು ಮಾಡಿ ಕಲಿಸಿದ್ದೇನೆ. ಅಪ್ಪನಿಗೆ ನೈಟ್ ಡ್ಯೂಟಿ ಯಾವಾಗ ಅನ್ನುವುದು ಮನೆಯ ಗುಟ್ಟು.

ಅವಳಿಗೆ ಕಷ್ಟವಾಗಿದ್ದದ್ದು ಒಂದೇ, ಬೇರೆಯವರಿಗೆ ಸರದಿ ಬಿಡುವುದು. ಅದಕ್ಕೆ ಮನೆಯಲ್ಲಿ ಲಟ್ಟಣಿಗೆ ಹಿಡಿದು ಮೈಕ್ ಆಟ ಶುರು ಮಾಡಿದೆವು. ಲಟ್ಟಣಿಗೆ ಯಾರ ಕೈಯಲ್ಲಿದೆಯೋ ಅವರು ಮಾತಾಡಬೇಕು, ಉಳಿದವರು ಕೇಳಬೇಕು. ಮೊದಲ ವಾರ ಅದನ್ನು ಅವಳ ಕೈಯಿಂದ ಬಿಡಿಸುವುದೇ ಕಷ್ಟವಾಗಿತ್ತು.

ಮೊನ್ನೆ ಟ್ರೈನಿನಲ್ಲಿ ತರಕಾರಿ ಮೂಟೆಯ ಜೊತೆ ಕೂತಿದ್ದ ಒಬ್ಬ ಮಾವಶಿಗೆ "ನಿಮ್ಮ ಮನೆಯಲ್ಲಿ ಮಕ್ಕಳಿದ್ದಾರಾ?" ಅಂತ ಮರಾಠಿಯಲ್ಲಿ ಕೇಳಿದಳು. ಆಮೇಲೆ ಖಾಲಿ ಮುಷ್ಟಿಯನ್ನು ಮೈಕಿನ ಹಾಗೆ ಅವರ ಬಾಯಿಯ ಹತ್ತಿರ ಹಿಡಿದಳು. ಮಾವಶಿ ಸ್ವಲ್ಪ ಹೊತ್ತು ಸುಮ್ನೆ ನೋಡಿದರು. ಆಮೇಲೆ ಮಾತಾಡತೊಡಗಿದರು. ಊರಲ್ಲಿರುವ ಮೊಮ್ಮಗನ ಬಗ್ಗೆ, ಅವನು ಸಾಕಿದ ಆಡಿನ ಬಗ್ಗೆ. ದಿವಾ ದಾಟಿತು, ಮುಂಬ್ರಾ ದಾಟಿತು. ಕಳವಾ ಬರುವವರೆಗೂ ನನ್ನ ಮಗಳು ಮುಷ್ಟಿ ಇಳಿಸಲಿಲ್ಲ, ಒಂದು ಮಾತೂ ಆಡಲಿಲ್ಲ.