ಪದ ಪರಿಚಯ: ಆಪ್ತಸಮಾಲೋಚನೆ

ಹಾಸನದಲ್ಲಿ ಕೂತು ಜಿಲ್ಲಾ ಸುದ್ದಿಗಳ ಕರಡು ತಿದ್ದುವುದು ನನ್ನ ಕೆಲಸ. ಕಳೆದ ವಾರ ಬಂದ ಒಂದು ಸಾಲು ಹೀಗಿತ್ತು: ‘ಬೈಕ್ ವೀಲಿಂಗ್ ಮಾಡುತ್ತಿದ್ದ ನಾಲ್ವರು ಯುವಕರನ್ನು ಠಾಣೆಗೆ ಕರೆಸಿ ಆಪ್ತಸಮಾಲೋಚನೆ ನಡೆಸಿ, ಮರುಕಳಿಸಿದರೆ ಪ್ರಕರಣ ದಾಖಲಿಸುವುದಾಗಿ ಎಚ್ಚರಿಕೆ ನೀಡಲಾಯಿತು.’ ಆಪ್ತಸಮಾಲೋಚನೆ ಎಂದರೆ ಇಂಗ್ಲಿಷಿನ ಕೌನ್ಸೆಲಿಂಗ್‌ಗೆ ಕನ್ನಡದಲ್ಲಿ ಕಟ್ಟಿದ ಪದ. ಇಂಥ ಸಾಲನ್ನು ಈ ವರ್ಷ ಎಷ್ಟು ಸಲ ತಿದ್ದಿದ್ದೇನೋ ಲೆಕ್ಕವಿಲ್ಲ.

ಅದಾಗಿ ಮೂರೇ ದಿನಕ್ಕೆ ಸಕಲೇಶಪುರದಲ್ಲಿ ಒಂದು ಮದುವೆ. ಪಂಕ್ತಿಯಲ್ಲಿ ಪಕ್ಕಕ್ಕೆ ಕೂತ ನೆಂಟರೊಬ್ಬರು ತಂಗಿಯ ಮಗನ ವಿಷಯ ಎತ್ತಿದರು. ನಲವತ್ತು ದಾಟಿದವನು, ಕಾಫಿ ತೋಟ ನೋಡಿಕೊಂಡಿದ್ದಾನೆ. ಎರಡು ವರ್ಷದಿಂದ ನೆಟ್ಟಗೆ ನಿದ್ದೆಯಿಲ್ಲ. ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ತಡವಾದರೆ ಅದರ ಯೋಚನೆ, ಬಂದರೆ ಆ ಹೂ ಕಾಯಿಗಟ್ಟಲು ಬೇಕಾದ ಬ್ಯಾಕಿಂಗ್ ಮಳೆ ಕೈಕೊಟ್ಟೀತೆಂಬ ಯೋಚನೆ, ಎರಡೂ ಬಂದ ವರ್ಷ ಆನೆ, ಬ್ಯಾಂಕಿನ ಸಾಲ, ಮಗಳ ಕಾಲೇಜು. ರಾತ್ರಿ ಮೂರು ಸಲ ಎದ್ದು ಮೊಬೈಲಿನಲ್ಲಿ ಮೋಡ ನೋಡುತ್ತಾನಂತೆ. ‘ನಾನೇ ಎರಡು ಗಂಟೆ ಕೂರಿಸ್ಕೊಂಡು ಕೌನ್ಸೆಲಿಂಗ್ ಮಾಡ್ದೆ ಮಾರಾಯ್ತಿ. ಗಂಡಸಾಗಿ ಇಷ್ಟಕ್ಕೆಲ್ಲ ತಲೆ ಕೆಡಿಸ್ಕೊಂಡ್ರೆ ಹೆಂಗೆ ಅಂತ. ಇನ್ನು ಸರಿ ಹೋಗ್ತಾನೆ’ ಎಂದರು.

ಸಿಇಟಿ ಸೀಟು ಹಂಚಿಕೆಗೂ ಶಿಕ್ಷಕರ ವರ್ಗಾವಣೆಗೂ ನಾವು ಕೌನ್ಸೆಲಿಂಗ್ ಎನ್ನುತ್ತೇವೆ. ಅದರಿಂದ ತೊಂದರೆಯಿಲ್ಲ, ಅದನ್ನು ಯಾರೂ ಚಿಕಿತ್ಸೆ ಎಂದುಕೊಳ್ಳುವುದಿಲ್ಲ. ಬೈಗುಳಕ್ಕೂ ಬುದ್ಧಿವಾದಕ್ಕೂ ಇದೇ ಹೆಸರಿಟ್ಟಾಗ ನನಗೆ ತಡೆಯಲಾಗುವುದಿಲ್ಲ. ಆ ತೋಟದವನು ಈಗ ‘ಕೌನ್ಸೆಲಿಂಗ್ ಆಯ್ತು, ಉಪಯೋಗವಾಗಲಿಲ್ಲ’ ಎಂದುಕೊಂಡು ಕೂರುತ್ತಾನೆ. ನಿಜವಾದ ಬಾಗಿಲು ಅವನ ಪಾಲಿಗೆ ಮುಚ್ಚಿದ ಹಾಗೆ.

ಪದವನ್ನೇ ಬಿಡಿಸಿ ನೋಡೋಣ. ‘ಆಪ್ತ’ದ ಮೂಲ ‘ಆಪ್’ ಧಾತು, ತಲುಪು, ಪಡೆ ಎಂಬ ಅರ್ಥದ್ದು. ಪ್ರಾಪ್ತಿ, ವ್ಯಾಪ್ತಿ, ಸಮಾಪ್ತಿ ಎಲ್ಲವೂ ಅದರ ಮಕ್ಕಳೇ. ತಲುಪಿದವನು ಎಂಬಲ್ಲಿಂದ ಹೊರಟು ‘ನಂಬಬಹುದಾದವನು’ ಎಂಬಲ್ಲಿಗೆ ಆಪ್ತ ಬಂದು ನಿಂತಿತು. ತರ್ಕಶಾಸ್ತ್ರದ ಹಳೆಯ ಸಂಸ್ಕೃತ ಗ್ರಂಥ ನ್ಯಾಯಸೂತ್ರದಲ್ಲಿ ‘ಆಪ್ತೋಪದೇಶಃ ಶಬ್ದಃ’ ಎಂದಿದೆ: ನಂಬಿಕಸ್ಥನ ಮಾತು ಪ್ರಮಾಣ, ಅಂದರೆ ತಿಳಿವಿಗೆ ಆಧಾರ. ವಿಷಯವನ್ನು ಖುದ್ದು ಕಂಡವನು, ಕಂಡದ್ದನ್ನು ಕಂಡಂತೆ ಹೇಳಬೇಕೆಂದಿರುವವನು ಆಪ್ತ ಎಂದು ಅದರ ಭಾಷ್ಯಕಾರ ವಾತ್ಸ್ಯಾಯನ ವಿವರಿಸುತ್ತಾನೆ. ಆಯುರ್ವೇದದ ಚರಕ ಸಂಹಿತೆಯ ಆಪ್ತರು ರಜಸ್ಸು ತಮಸ್ಸುಗಳಿಂದ ಬಿಡಿಸಿಕೊಂಡವರು. ಈ ಯಾವ ವಿವರಣೆಯಲ್ಲೂ ನೆಂಟಸ್ತಿಕೆ ಇಲ್ಲ. ಹತ್ತಿರದವರು, ಮನೆಯವರು ಎಂಬ ಬಳಕೆ ನಮ್ಮ ದಿನದ ಮಾತಿನದು. ಅದನ್ನು ಈ ಪದಕ್ಕೆ ಅಂಟಿಸಿದ್ದರಿಂದಲೇ ಸೋದರಮಾವನೂ ಗೆಳೆಯನೂ ಆಪ್ತಸಮಾಲೋಚಕರಾಗಿಬಿಡುತ್ತಾರೆ. ತರಬೇತಾದ ಸಮಾಲೋಚಕರು ತಮ್ಮ ನೆಂಟರನ್ನು ತಾವೇ ನೋಡಲು ಒಪ್ಪುವುದಿಲ್ಲ, ಬೇರೆಯವರ ಬಳಿ ಕಳಿಸುತ್ತಾರೆ. ಆ ವೃತ್ತಿಯ ಕಟ್ಟುಪಾಡೇ ಅದು.

ನ್ಯಾಯಸೂತ್ರದಲ್ಲಿ ಉಪದೇಶವೂ ಇದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ. ಆದರೆ ಕನ್ನಡಕ್ಕೆ ಈ ಪದ ಕಟ್ಟಿದವರು ಆಪ್ತದ ಪಕ್ಕ ಉಪದೇಶವನ್ನು ಕೂರಿಸಲಿಲ್ಲ, ಸಮಾಲೋಚನೆಯನ್ನು ಕೂರಿಸಿದರು. ನನಗೆ ಇಡೀ ಪದದಲ್ಲಿ ಅತ್ಯಂತ ಇಷ್ಟದ ಭಾಗ ಇದು. ‘ಆಲೋಚನೆ’ಯೊಳಗಿರುವುದು ‘ಲೋಚ್’, ನೋಡು ಎಂಬ ಧಾತು. ಕಣ್ಣಿಗೆ ಲೋಚನ ಎನ್ನುವುದು ಅದರಿಂದಲೇ. ಆಲೋಚಿಸುವುದೆಂದರೆ ಮೂಲದಲ್ಲಿ ದಿಟ್ಟಿಸಿ ನೋಡುವುದು. ‘ಸಂ’ ಸೇರಿದರೆ ಜೊತೆಯಾಗಿ, ಪೂರ್ತಿಯಾಗಿ ನೋಡುವುದು. ಹಿಂದಿಯಲ್ಲಿ ಇದೇ ಪದ ವಿಮರ್ಶೆ ಎಂಬರ್ಥಕ್ಕೆ ಹೋಯಿತು, ಕನ್ನಡದಲ್ಲಿ ಕೂತು ವಿಚಾರ ಮಾಡುವ ಅರ್ಥದಲ್ಲಿ ಉಳಿಯಿತು. ನಮ್ಮ ಅದೃಷ್ಟ.

ಓವರ್‌ಥಿಂಕಿಂಗ್ ಎಂದು ಈಗ ಎಲ್ಲರ ಬಾಯಲ್ಲಿರುವ ಕಾಯಿಲೆಗೆ ‘ಅತಿಯಾದ ಆಲೋಚನೆ’ ಎಂದು ಬರೆಯುವುದನ್ನೂ ಇದೇ ಕಾರಣಕ್ಕೆ ಒಪ್ಪಲಾರೆ. ರಾತ್ರಿ ಎರಡು ಗಂಟೆಗೆ ತಲೆಯೊಳಗೆ ಗಿರಗಿರ ತಿರುಗುವುದರಲ್ಲಿ ನೋಡುವುದೇ ಇಲ್ಲ. ಗಾಣದ ಎತ್ತಿನಂತೆ ಅದೇ ಸುತ್ತು. ಇನ್ನು ಕೆಲವರು ಇದನ್ನು ‘ಮೆಲುಕು ಹಾಕುವುದು’ ಎಂದು ಅನುವಾದಿಸುತ್ತಾರೆ. ಒಂದೇ ಚಿಂತೆಯಲ್ಲಿ ಸುತ್ತುವುದಕ್ಕೆ ಇಂಗ್ಲಿಷಿನಲ್ಲಿ ಹೇಳುವ ರೂಮಿನೇಷನ್ ಲ್ಯಾಟಿನ್ನಿನಲ್ಲಿ ಹಸುವಿನ ಮೆಲುಕೇ ಹೌದು. ಆದರೆ ಕನ್ನಡದಲ್ಲಿ ಮೆಲುಕು ಹಾಕುವುದು ಹಳೆ ವಿದ್ಯಾರ್ಥಿಗಳ ಸಮ್ಮಿಲನದಲ್ಲಿ, ಸಂತೋಷದಿಂದ. ಹಸು ಮೆಲುಕು ಹಾಕಿದ್ದು ಜೀರ್ಣವೂ ಆಗುತ್ತದೆ. ಇದು ಆಗುವುದಿಲ್ಲ.

ಚಿಂತೆ ಎಲ್ಲರಿಗೂ ಇರುತ್ತದೆ, ಅದಕ್ಕೆಲ್ಲ ಚಿಕಿತ್ಸೆ ಬೇಡ. ಕನಿಷ್ಠ 6 ತಿಂಗಳು, ಹೆಚ್ಚುಕಡಿಮೆ ದಿನಾ, ಒಂದಲ್ಲ ಹಲವು ವಿಷಯಗಳ ಚಿಂತೆ ಹಿಡಿತಕ್ಕೆ ಸಿಗದೆ, ಜೊತೆಗೆ ನಿದ್ದೆಗೇಡು, ಸುಸ್ತು, ಸಿಡುಕು, ಮೈಬಿಗಿತ ಸೇರಿ ದಿನದ ಕೆಲಸವೇ ಕೆಡುತ್ತಿದ್ದರೆ ವೈದ್ಯರು ಅದನ್ನು ಆತಂಕದ ಕಾಯಿಲೆ ಎಂದು ಪರಿಗಣಿಸುತ್ತಾರೆ. ‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬ ಗಾದೆ ಹೇಳಿದರೆ ಇವರಿಗೆ ನಿದ್ದೆ ಬರುವುದಿಲ್ಲ.

ನನಗೇ ಆಗಿತ್ತು, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ. ಮಗ ಮಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಹೊಸತು. ಭಾನುವಾರ ರಾತ್ರಿ ಒಂಬತ್ತೂವರೆಯ ಬಸ್ಸಿಗೆ ಹತ್ತಿಸಿ ಬಂದರೆ ಶಿರಾಡಿ ಘಾಟಿ ಇಳಿಯುವವರೆಗೆ ನನ್ನ ಜೀವ ನನ್ನದಲ್ಲ. ಘಾಟಿಯಲ್ಲಿ ಸಿಗ್ನಲ್ ಸಿಗುವುದಿಲ್ಲ, ಗೊತ್ತು. ಗೊತ್ತಿದ್ದೂ ಇಪ್ಪತ್ತು ಸಲ ಫೋನ್ ಮಾಡುತ್ತಿದ್ದೆ. ಯಜಮಾನರು ಪ್ರತಿ ಸಲವೂ ‘ಏನೂ ಆಗಲ್ಲ ಮಲ್ಕೋ’ ಎನ್ನುತ್ತಿದ್ದರು. ಹತ್ತು ನಿಮಿಷ ಹಗುರ, ಹನ್ನೊಂದನೇ ನಿಮಿಷಕ್ಕೆ ಮತ್ತೆ ಅವರನ್ನೇ ಎಬ್ಬಿಸುತ್ತಿದ್ದೆ.

ಕೊನೆಗೆ ಒಬ್ಬ ಸಮಾಲೋಚಕಿಯ ಬಳಿ ಹೋದೆ. ಅವರು ಒಮ್ಮೆಯೂ ‘ಏನೂ ಆಗಲ್ಲ’ ಎನ್ನಲಿಲ್ಲ. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆಸಿ ಮೂರು ಮನೆ ಮಾಡಿಸಿದರು: ಏನಾಯಿತು, ಏನೆಂದುಕೊಂಡೆ, ಕಂಡದ್ದೆಷ್ಟು. ಮೊದಲ ಮನೆಯಲ್ಲಿ ‘11.05, ಫೋನ್ ಸಿಗಲಿಲ್ಲ’. ಎರಡನೆಯದರಲ್ಲಿ ‘ಬಸ್ಸು ಉರುಳಿದೆ’. ಮೂರನೆಯದರಲ್ಲಿ ಪೆನ್ನು ಹಿಡಿದು ಬಹಳ ಹೊತ್ತು ಕೂತೆ. ಬರೆಯಲು ಇದ್ದದ್ದು ‘ಫೋನ್ ಸಿಗಲಿಲ್ಲ’ ಎಂಬುದಷ್ಟೇ. ನಾಲ್ಕು ವಾರವಾದ ಮೇಲೆ ಒಂದು ಭಾನುವಾರ ಫೋನನ್ನು ಅಡುಗೆಮನೆಯಲ್ಲೇ ಇಟ್ಟು, ಅವನಾಗಿ ಮಾಡುವವರೆಗೆ ಮುಟ್ಟದೆ, ಅರ್ಧ ಗಂಟೆಗೊಮ್ಮೆ ಭಯಕ್ಕೆ ಹತ್ತರಲ್ಲಿ ಅಂಕ ಹಾಕಿ ಎಂದರು. ಹಾಕಿದೆ: 9, 9, 7, 4. ಐದನೇ ಅಂಕವಿಲ್ಲ, ನಿದ್ದೆ ಬಂದಿತ್ತು.

ಅರಿವಿನ ವರ್ತನಾ ಚಿಕಿತ್ಸೆ, ಜನ ಸಿಬಿಟಿ ಎನ್ನುವುದು, ಇದೇ ದಾರಿಯದು. ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಖಿನ್ನತೆಗೆಂದು ರೂಪಿಸಿದ್ದು ಮುಂದೆ ಆತಂಕಕ್ಕೂ ಬಳಕೆಗೆ ಬಂತು. ಸಾಮಾನ್ಯವಾಗಿ ವಾರಕ್ಕೊಮ್ಮೆಯಂತೆ 12ರಿಂದ 20 ಸಲ ಕೂರಬೇಕು. ಧೈರ್ಯ ಹೇಳುವುದು ಅಲ್ಲಿ ಕಡಿಮೆ. ಪದೇಪದೇ ಧೈರ್ಯ ಹೇಳಿಸಿಕೊಳ್ಳುವ ಅಭ್ಯಾಸವೇ ಆತಂಕಕ್ಕೆ ಮೇವು ಹಾಕುತ್ತದೆ. ಏನಾಗುತ್ತದೋ ಗೊತ್ತಿಲ್ಲ ಎಂಬ ಸ್ಥಿತಿಯಲ್ಲಿ ಸ್ವಲ್ಪ ಹೊತ್ತು ಇರಲು ಕಲಿಸುವುದು ಹೆಚ್ಚು.

ಕನ್ನಡದ ‘ಕೇಳು’ ಇದನ್ನು ಯಾವ ಪಾರಿಭಾಷಿಕ ಪದಕ್ಕಿಂತಲೂ ಚೆನ್ನಾಗಿ ಹೇಳುತ್ತದೆ. ಪ್ರಶ್ನೆ ಕೇಳುವುದೂ ಕೇಳುವುದೇ, ಕಿವಿಗೊಟ್ಟು ಆಲಿಸುವುದೂ ಕೇಳುವುದೇ. ಸಮಾಲೋಚಕರು ಮಾಡುವುದು ಈ ಎರಡನ್ನು. ‘ನನ್ನ ಮಾತು ಕೇಳು’ ಎನ್ನುವಾಗಿನ ಮೂರನೇ ಅರ್ಥವೊಂದಿದೆ. ಮದುವೆ ಮನೆಯ ನೆಂಟರು ಎರಡು ಗಂಟೆ ಮಾಡಿದ್ದು ಅದನ್ನು.

ಯಾರ ಬಳಿ ಹೋಗಬೇಕೆಂಬ ಗೊಂದಲಕ್ಕೆ ಎರಡು ಮಾತು ಸಾಕು. ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರ ಓದಿದವರು, ಔಷಧಿ ಬರೆಯುತ್ತಾರೆ. ಮನಶ್ಶಾಸ್ತ್ರಜ್ಞರು, ಸಮಾಲೋಚಕರು ಮಾತಿನ ಮೂಲಕ ಚಿಕಿತ್ಸೆ ಕೊಡುತ್ತಾರೆ. ಎರಡೂ ಜೊತೆಗೆ ಬೇಕಾಗುವುದುಂಟು, ಅದರಲ್ಲಿ ಅವಮಾನವೇನಿಲ್ಲ. ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಮನೆಯಿಂದಲೇ ಮಾತಾಡುವವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ಸಂಖ್ಯೆ 14416. 2022ರ ಅಕ್ಟೋಬರಿನಲ್ಲಿ ಶುರುವಾದದ್ದು, ಉಚಿತ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಪಂಕ್ತಿಯಿಂದ ಏಳುವ ಮೊದಲು ಈ ಸಂಖ್ಯೆಯನ್ನು ನೆಂಟರ ಮೊಬೈಲಿಗೆ ಹಾಕಿಕೊಟ್ಟೆ. ‘ಹಂಗಾರೆ ನಾನು ಮಾಡಿದ್ದು ಏನು?’ ಎಂದು ಕೇಳಿದರು, ನೊಂದುಕೊಂಡೇ. ‘ಮಾತಾಡಿಸಿದ್ರಿ ಅಣ್ಣ. ಅದೂ ಬೇಕು. ಇನ್ನೊಂದ್ಸಲ ಮಾತಾಡಿಸಿ, ಜೊತೆಗೆ ನೀವೇ ಕರ್ಕೊಂಡು ಹೋಗಿ’ ಎಂದೆ.

ಕರಡಿನ ಆ ಸಾಲನ್ನು ‘ಠಾಣೆಗೆ ಕರೆಸಿ ಬುದ್ಧಿ ಹೇಳಿ, ಎಚ್ಚರಿಕೆ ಕೊಟ್ಟು ಕಳಿಸಿದರು’ ಎಂದು ತಿದ್ದಿದ್ದೆ. ಅಚ್ಚಾಗಿ ಬಂದಾಗ ಅಲ್ಲಿ ಮತ್ತೆ ಆಪ್ತಸಮಾಲೋಚನೆಯೇ ಕೂತಿತ್ತು. ಓದುಗರಿಗೆ ಅದೇ ರೂಢಿಯಾಗಿದೆ ಎಂಬ ಉತ್ತರ ಬಂತು. ಓದುಗರಿಗೇ ಹೇಳೋಣವೆಂದು ಇದನ್ನು ಬರೆದೆ.