ಸೋವಿಯತ್ ಕಾಲದಲ್ಲಿ ಹೆಣ್ಣಿಗೆ ಅಧಿಕಾರ ಹೆಚ್ಚಿತ್ತೇ?

ಪ್ರಶ್ನೆ: ಸೋವಿಯತ್ ಸಂಸತ್ತಿನಲ್ಲಿ ಮೂರನೇ ಒಂದು ಪಾಲು ಮಹಿಳೆಯರಿದ್ದರಂತೆ. ಈಗಿನ ರಷ್ಯಾದ ಸಂಸತ್ತಿನ ಕೆಳಮನೆಯಾದ ಡೂಮಾದಲ್ಲಿ ಅದರ ಅರ್ಧದಷ್ಟೇ. ಅಲ್ಲಿನ ಹೆಣ್ಣುಮಕ್ಕಳು ಅಧಿಕಾರ ಕಳೆದುಕೊಂಡರೇ?

ಉತ್ತರ: ಎಷ್ಟು ಸಲ ಉತ್ತರಿಸಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ಈ ಬಾರಿ ಬುಡದಿಂದಲೇ ಬಿಡಿಸಿ ಹೇಳುತ್ತೇನೆ. ಕಳೆದುಕೊಳ್ಳಬೇಕಾದರೆ ಮೊದಲು ಕೈಯಲ್ಲಿರಬೇಕು.

1984ರಲ್ಲಿ ಆಯ್ಕೆಯಾದ ಸುಪ್ರೀಂ ಸೋವಿಯತ್‌ನಲ್ಲಿ, ಅಂದರೆ ಸೋವಿಯತ್ ಸಂಸತ್ತಿನಲ್ಲಿ, 1,500 ಸ್ಥಾನಗಳಿದ್ದವು. ಪ್ರತಿ ಕ್ಷೇತ್ರಕ್ಕೂ ಒಬ್ಬರೇ ಅಭ್ಯರ್ಥಿ. ಕಾರ್ಮಿಕರು ಇಷ್ಟು, ಯುವಜನರು ಇಷ್ಟು, ಹೆಂಗಸರು ಇಷ್ಟು ಎಂದು ಕಮ್ಯುನಿಸ್ಟ್ ಪಕ್ಷ ಮೊದಲೇ ಲೆಕ್ಕ ಹಾಕಿ ಪಟ್ಟಿ ಮಾಡುತ್ತಿತ್ತು. ಹೀಗೆ ಆರಿಸಿ ಬಂದವರಲ್ಲಿ ಹಾಲು ಕರೆಯುವವರೂ ಇದ್ದರು, ಗಿರಣಿಯಲ್ಲಿ ನೇಯುವವರೂ ಇದ್ದರು. ಸಭೆ ಸೇರುತ್ತಿದ್ದುದು ವರ್ಷಕ್ಕೆ ಎರಡು ಸಲ, ಅದೂ ಕೆಲವೇ ದಿನ. ಮಸೂದೆ ಯಾವುದಾದರೂ ಎಲ್ಲರ ಕೈ ಒಟ್ಟಿಗೆ ಮೇಲೇಳುತ್ತಿತ್ತು. ತೀರ್ಮಾನ ನಡೆಯುತ್ತಿದ್ದ ಜಾಗ ಬೇರೆ, ಪಕ್ಷದ ಅತ್ಯುನ್ನತ ಸಮಿತಿಯಾದ ಪಾಲಿಟ್‌ಬ್ಯೂರೋ. ಯೆಕಟೆರೀನಾ ಫುರ್ತ್ಸೆವಾ 1957ರಲ್ಲಿ ಅದರ ಪೂರ್ಣ ಸದಸ್ಯೆಯಾದರು, 1961ರಲ್ಲಿ ಹೊರಬಿದ್ದರು. ಅಲ್ಲಿಂದ 1988ರಲ್ಲಿ ಅಲೆಕ್ಸಾಂದ್ರಾ ಬಿರ್ಯುಕೋವಾ ಮತದ ಹಕ್ಕಿಲ್ಲದ ಸದಸ್ಯೆಯಾಗಿ ಬರುವವರೆಗೆ ಆ ಮೇಜಿನ ಸುತ್ತ ಒಬ್ಬ ಹೆಣ್ಣೂ ಇರಲಿಲ್ಲ. ಸೋವಿಯತ್ ಸಮಾನತೆಯನ್ನು ಅಳೆಯಬೇಕಾದ್ದು ಈ 27 ವರ್ಷಗಳಿಂದ.

1989ರಲ್ಲಿ ಸ್ಪರ್ಧೆಯುಳ್ಳ ಚುನಾವಣೆ ಬಂತು. ಸೋವಿಯತ್ ಮಹಿಳಾ ಸಮಿತಿಗೆ 75 ಸ್ಥಾನ ಮೀಸಲಿಟ್ಟರೂ ಮಹಿಳೆಯರ ಪಾಲು ಮೊದಲಿದ್ದುದರ ಅರ್ಧಕ್ಕಿಳಿಯಿತು. ಮರುವರ್ಷ, ಅಂಥ ಮೀಸಲೂ ಇಲ್ಲದ, ಸೋವಿಯತ್ ಒಕ್ಕೂಟದ ಭಾಗವಾಗಿದ್ದ ರಷ್ಯನ್ ಗಣರಾಜ್ಯದ ಚುನಾವಣೆಯಲ್ಲಿ ಅದು ಶೇ. 5ರ ಆಸುಪಾಸಿಗೆ ಬಂದು ನಿಂತಿತು. ಕಾರಣ ಇಷ್ಟೇ: ಮೇಲೇರುವ ಮೆಟ್ಟಿಲಾಗಿದ್ದ ಪ್ರಾಂತ್ಯಗಳ ಪಕ್ಷ ಕಾರ್ಯದರ್ಶಿ ಹುದ್ದೆಗಳು ಬಹುತೇಕ ಗಂಡಸರ ಕೈಯಲ್ಲೇ ಇದ್ದವು. ಸ್ವಂತ ಬಲದ ಮೇಲೆ ನಿಲ್ಲಬಲ್ಲ ನಾಯಕಿಯರು ಬೆಳೆಯಲು ದಾರಿಯೇ ಇರಲಿಲ್ಲ. 1993ರಲ್ಲಿ ‘ರಷ್ಯಾದ ಮಹಿಳೆಯರು’ ಎಂಬ ಕೂಟ ಶೇ. 8ರಷ್ಟು ಮತ ಪಡೆದು ಡೂಮಾ ಸೇರಿತು. 1995ರಲ್ಲಿ ಡೂಮಾ ಪ್ರವೇಶಕ್ಕೆ ಬೇಕಿದ್ದ ಶೇ. 5 ಮತಗಳ ಗೆರೆ ದಾಟಲಾಗದೆ ಹೊರಗುಳಿಯಿತು.

ಮತದಾನದ ಹಕ್ಕನ್ನು ಲೆನಿನ್ ಕೊಟ್ಟರೆಂಬ ಮಾತೂ ಇದರ ಜೊತೆಗೇ ಬರುತ್ತದೆ. 1917ರ ಮಾರ್ಚ್‌ನಲ್ಲಿ ಪೆಟ್ರೊಗ್ರಾಡ್‌ನ (ಇಂದಿನ ಸೇಂಟ್ ಪೀಟರ್ಸ್‌ಬರ್ಗ್) ಮಹಿಳೆಯರು ಬೀದಿಗಿಳಿದು ಕೇಳಿದರು. ಅದೇ ಬೇಸಿಗೆಯಲ್ಲಿ, ಲೆನಿನ್ ಅಧಿಕಾರಕ್ಕೆ ಬಂದ ಅಕ್ಟೋಬರ್ ಕ್ರಾಂತಿಗೂ ಮೊದಲೇ, ತ್ಸಾರ್ ದೊರೆ ಇಳಿದ ಮೇಲೆ ಬಂದಿದ್ದ ತಾತ್ಕಾಲಿಕ ಸರ್ಕಾರ ಕೊಟ್ಟಿತು.

ಇಂದು ವಲೆಂಟೀನಾ ಮತ್ವಿಯೆಂಕೊ 2011ರಿಂದ ಮೇಲ್ಮನೆಯ ಅಧ್ಯಕ್ಷೆ, ಎಲ್ವಿರಾ ನಬಿಯುಲ್ಲಿನಾ 2013ರಿಂದ ಕೇಂದ್ರ ಬ್ಯಾಂಕಿನ ಮುಖ್ಯಸ್ಥೆ. ಮೇಲೆ ಹೆಣ್ಣಿದ್ದರೆ ಕಾನೂನೂ ಹೆಣ್ಣಿನ ಪರವಾಗುತ್ತದೆಯೇ? ಇದನ್ನು ಯಾರೂ ಕೇಳುವುದಿಲ್ಲ, ಕೇಳಬೇಕಿತ್ತು. ಮನೆಯವರ ಮೇಲೆ ಮೊದಲ ಸಲ, ಗಂಭೀರ ಗಾಯವಾಗದಂತೆ ಕೈ ಮಾಡಿದರೆ ಅದು ಕ್ರಿಮಿನಲ್ ಅಪರಾಧವಲ್ಲ ಎಂದ 2017ರ ಕಾನೂನಿನ ಹಿಂದಿದ್ದ ಪ್ರಮುಖರು ಸೆನೆಟರ್ (ಮೇಲ್ಮನೆ ಸದಸ್ಯೆ) ಯೆಲೆನಾ ಮಿಜುಲಿನಾ. ಅದರ ಪ್ರಕಾರ 5,000ದಿಂದ 30,000 ರೂಬಲ್ ದಂಡ, ಇಲ್ಲವೇ 10ರಿಂದ 15 ದಿನ ಬಂಧನ, ಇಲ್ಲವೇ ಸಮುದಾಯ ಸೇವೆ. ಡೂಮಾದಲ್ಲಿ ವಿರುದ್ಧ ಬಿದ್ದದ್ದು ಮೂರೇ ಮತ.

ಉದ್ಯೋಗದ ಕಥೆ ಇನ್ನೊಂದು ದಿಕ್ಕಿನದು. 2000ದ ಆದೇಶವೊಂದು 456 ಬಗೆಯ ಕೆಲಸಗಳನ್ನು ಮಹಿಳೆಯರಿಗೆ ನಿರ್ಬಂಧಿಸಿತ್ತು. 2021ರ ಜನವರಿಯಲ್ಲಿ ಆ ಪಟ್ಟಿ ಸುಮಾರು ನೂರಕ್ಕೆ ಇಳಿಯಿತು. ಅದೇ ತಿಂಗಳು ಮಾಸ್ಕೋ ಮೆಟ್ರೊದಲ್ಲಿ ಮಹಿಳಾ ಚಾಲಕರು ಮತ್ತೆ ರೈಲು ಓಡಿಸತೊಡಗಿದರು. ಗಣಿಯ ಆಳದ ಕೆಲಸ ಮಾತ್ರ ಆ ಹೊಸ ಪಟ್ಟಿಯಲ್ಲೂ ಉಳಿಯಿತು.