ಮನೆ ಎಣಿಸುವುದನ್ನು ಸ್ವಲ್ಪ ನಿಲ್ಲಿಸಿ

ನನ್ನ ಭಾನುವಾರದ ಚಿತ್ರಕಲೆ ತರಗತಿಯಲ್ಲಿ ಪ್ರತಿ ವರ್ಷ ಒಂದು ಪ್ರಿಂಟನ್ನು ಗೋಡೆಗೆ ಅಂಟಿಸುತ್ತೇನೆ. ಸ್ಪೇನ್‌ನ ಮಾನ್ವೆಲ್ ಆಂಖೆಲೆಸ್ ಓರ್ತಿಸ್ ಬರೆದ ‘ಆಲ್ಬೈಸಿನ್’ ಸರಣಿಯ ಚಿತ್ರ ಅದು. ಬಿಳಿ, ಬೂದು, ಮಣ್ಣಿನ ಬಣ್ಣದ ಚೌಕಗಳು ಒಂದರ ಮೇಲೊಂದು ಕೂತಿವೆ. ಗುಡ್ಡದ ಕೇರಿಯೊಂದರ ಮನೆಗಳು ಅವು. ಪ್ರತಿ ವರ್ಷವೂ ಯಾರಾದರೂ ಕೇಳಿಯೇ ಕೇಳುತ್ತಾರೆ: “ಇವರಿಗೆ ಪರ್ಸ್‌ಪೆಕ್ಟಿವ್ ಬರ್ತಿರಲಿಲ್ವಾ ಮೇಷ್ಟ್ರೇ?” ದೂರದ್ದನ್ನು ಚಿಕ್ಕದಾಗಿ ಬರೆದು ಆಳ ತೋರಿಸುವ ವಿದ್ಯೆಯ ಬಗ್ಗೆ ಅವರ ಪ್ರಶ್ನೆ.

ಬರ್ತಿತ್ತು. ಚೆನ್ನಾಗಿಯೇ ಬರ್ತಿತ್ತು. 1920ರ ದಶಕದಲ್ಲಿ ಗೆಳೆಯರನ್ನು ಕೂರಿಸಿಕೊಂಡು ಅವರು ಬರೆದ ರೇಖಾಚಿತ್ರಗಳನ್ನು ನೋಡಿದರೆ ಕೈ ಎಷ್ಟು ಪಳಗಿತ್ತು ಅಂತ ಗೊತ್ತಾಗುತ್ತದೆ. ಆದರೆ ಈ ಉತ್ತರ ಹೇಳಿದರೆ ಸಾಲುವುದಿಲ್ಲ. “ಹಾಗಾದರೆ ಬೇಕಂತಲೇ ಕೆಡಿಸಿದ್ದಾರಾ?” ಅನ್ನುವ ಇನ್ನೊಂದು ಪ್ರಶ್ನೆ ಕಾದಿರುತ್ತದೆ. ಆಗ ನಿಜಕ್ಕೂ ನನ್ನ ತಾಳ್ಮೆ ತಪ್ಪುತ್ತದೆ. ಏನನ್ನೂ ಕೆಡಿಸಿಲ್ಲ ಸ್ವಾಮಿ. ಊರು ಇರುವುದೇ ಹಾಗೆ.

ಆಲ್ಬೈಸಿನ್ ಅಂದರೆ ಗ್ರನಾಡಾ ನಗರದ ಹಳೆಯ ಅರಬ್ಬರ ಕಾಲದ ಕೇರಿ. ಅದಿರುವುದು ಒಂದು ಗುಡ್ಡದ ಮೇಲೆ. ಎದುರು ಗುಡ್ಡದಲ್ಲಿ ಆಲಂಬ್ರಾ ಕೋಟೆ. ನಡುವಿನ ಕಣಿವೆಯಲ್ಲಿ ದಾರ್ರೊ ಅನ್ನುವ ಸಣ್ಣ ನದಿ. ಈಗ ಕೋಟೆಯ ಕಡೆಯಿಂದ ಈಚೆ ನೋಡಿ. ಮನೆಯ ಹಿಂದೆ ಮನೆ ಕಾಣುವುದಿಲ್ಲ, ಮನೆಯ ಮೇಲೆ ಮನೆ ಕಾಣುತ್ತದೆ. ಓಣಿಗಳು ಎಷ್ಟು ಇಕ್ಕಟ್ಟು ಅಂದರೆ ಗೋಡೆಗಳ ನಡುವೆಯೇ ಮುಚ್ಚಿಹೋಗುತ್ತವೆ.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಸಮತಟ್ಟಾದ ರಸ್ತೆಯಲ್ಲಿ ನೀವು ನಿಂತಿದ್ದೀರಿ. ಒಂದು ಮನೆ 10 ಮೀಟರ್ ದೂರದಲ್ಲಿದೆ, ಅಷ್ಟೇ ದೊಡ್ಡ ಇನ್ನೊಂದು ಮನೆ 110 ಮೀಟರ್ ದೂರದಲ್ಲಿ. ಎರಡನೆಯದು ಮೊದಲನೆಯದರ ಹನ್ನೊಂದನೇ ಒಂದು ಭಾಗದಷ್ಟೇ ಕಾಣುತ್ತದೆ. ನಾವು ಶಾಲೆಯಲ್ಲಿ ಕಲಿತ ಪರ್ಸ್‌ಪೆಕ್ಟಿವ್ ಇದೇ. ರಸ್ತೆ ಕಿರಿದಾಗುತ್ತಾ ಹೋಗಿ ಒಂದು ಚುಕ್ಕೆ ಸೇರುತ್ತದೆ. ಈಗ ಕಣಿವೆಯಾಚೆ ನೋಡಿ. ಕೆಳಗಿನ ಮನೆ 400 ಮೀಟರ್, ಮೇಲಿನ ಮನೆ 500 ಮೀಟರ್ ಅಂದುಕೊಳ್ಳಿ. ಅಂತರ ಅದೇ 100 ಮೀಟರ್. ಆದರೆ ಮೇಲಿನ ಮನೆ ಐದನೇ ಒಂದು ಭಾಗ ಮಾತ್ರ ಚಿಕ್ಕದಾಗಿ ಕಾಣುತ್ತದೆ. ಕಣ್ಣಿಗೆ ಎರಡೂ ಹೆಚ್ಚುಕಡಿಮೆ ಒಂದೇ. ಯಾವುದು ಮುಂದೆ, ಯಾವುದು ಹಿಂದೆ ಅಂತ ಹೇಳೋಕೆ ಸುಳಿವೇ ಉಳಿಯುವುದಿಲ್ಲ. ಮೊಬೈಲಿನಲ್ಲಿ ದೂರದ ಗುಡ್ಡವನ್ನು ಜೂಮ್ ಮಾಡಿ ನೋಡಿ, ಎಲ್ಲವೂ ಚಪ್ಪಟೆಯಾಗಿ ಒಂದಕ್ಕೊಂದು ಅಂಟಿಕೊಂಡಂತಿರುತ್ತದೆ, ಅಲ್ವಾ? ಅದೇ ಇದು.

ಇನ್ನೂ ಒಂದಿದೆ. ಗುಡ್ಡದ ಕೇರಿಯಲ್ಲಿ ಒಂದೊಂದು ಮನೆ ಒಂದೊಂದು ದಿಕ್ಕಿಗೆ ತಿರುಗಿರುತ್ತದೆ. ಒಂದೊಂದಕ್ಕೂ ಅದರದೇ ಚುಕ್ಕೆ. ಐವತ್ತು ಮನೆಗೆ ಐವತ್ತು ಚುಕ್ಕೆ ಇಟ್ಟರೆ ನಿಯಮ ಇದ್ದೂ ಇಲ್ಲದಂತೆ. ಜೊತೆಗೆ ಸುಣ್ಣ ಬಳಿದ ಗೋಡೆಗಳ ಮೇಲೆ ದಕ್ಷಿಣ ಸ್ಪೇನ್‌ನ ಬಿಸಿಲು. ಅಂಥ ಬಿಸಿಲಲ್ಲಿ ಗೋಡೆ ಒಂದು ಬಿಳಿ ತುಂಡು, ಅದರ ನೆರಳು ಇನ್ನೊಂದು ತುಂಡು. ಓರ್ತಿಸ್ ಆ ತುಂಡುಗಳನ್ನೇ ಬರೆದರು.

ನಮ್ಮ ತರಗತಿಗೆ ನಿವೃತ್ತ ಎಂಜಿನಿಯರ್ ಒಬ್ಬರು ಬರುತ್ತಾರೆ. ಅರವತ್ತೆಂಟು ವಯಸ್ಸು. ಜೇಬಲ್ಲಿ ಯಾವಾಗಲೂ ಚೂಪು ಮಾಡಿದ ಪೆನ್ಸಿಲ್. ನನ್ನ ವಿವರಣೆ ಅವರಿಗೆ ಒಪ್ಪಿಗೆಯಾಗಲಿಲ್ಲ. “ಒಟ್ಟು ಎಷ್ಟು ಮನೆ ಇವೆ ಅಂತಾದರೂ ಗೊತ್ತಾಗಬೇಕಲ್ಲ ಮೇಷ್ಟ್ರೇ” ಅಂದರು. ಪ್ರಿಂಟ್ ಮೇಲೆ ಟ್ರೇಸಿಂಗ್ ಹಾಳೆ ಹಾಕಿ ನಂಬರ್ ಬರೆಯಲು ಶುರು ಮಾಡಿದರು. ಮೊದಲ ಸಲ ಇಪ್ಪತ್ಮೂರು ಬಂತು. ಎರಡನೇ ಸಲ ಮೂವತ್ತೊಂದು. ಮೂರನೇ ಸಲ ಎಣಿಸುವಾಗ ನಡುವೆಯೇ ನಿಂತರು. ಉಳಿದವರೆಲ್ಲ ಕುಂಚ ತೊಳೆಯುತ್ತಿದ್ದರು. ನಾನು ಗಡಿಯಾರ ನೋಡುತ್ತಿದ್ದೆ.

“ಮೇಷ್ಟ್ರೇ, ಈ ಬಿಳಿ ತುಂಡು ಈ ಮನೆಯ ಗೋಡೆಯೂ ಹೌದು, ಮೇಲಿನ ಮನೆಯ ಅಂಗಳವೂ ಹೌದು. ಅದಕ್ಕೇ ಲೆಕ್ಕ ತಪ್ತಾ ಇದೆ.”

ನನಗೆ ಅವರನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ವಸ್ತುಗಳನ್ನು ತುಂಡು ತುಂಡು ಆಕಾರಗಳಾಗಿ ಒಡೆದು ಜೋಡಿಸುವ ಕ್ಯೂಬಿಸಂ ಶೈಲಿಯ ಬಗ್ಗೆ ನಾನು ಗಂಟೆಗಟ್ಟಲೆ ಹೇಳಿಯೂ ತಲುಪದ್ದು ಅವರಿಗೆ ಪೆನ್ಸಿಲ್ ತುದಿಯಲ್ಲಿ ಸಿಕ್ಕಿತ್ತು. ಒಂದು ಆಕಾರ ಎರಡು ಕೆಲಸ ಮಾಡುತ್ತದೆ. ನೀವು ನೋಡಬೇಕಾದದ್ದು ಆ ಅಂಚನ್ನು, ಎರಡು ತುಂಡು ಕೂಡುವ ಜಾಗವನ್ನು. ಅಲ್ಲಿ ಎಷ್ಟು ಹೊತ್ತು ನಿಂತರೂ ಜಾಸ್ತಿಯಾಗಲ್ಲ. ಈ ಸರಣಿಯ ಎಲ್ಲ ಚಿತ್ರಗಳೂ ಒಂದೇ ಥರ ಇವೆ ಅಂತ ನಾನು ಹೇಳುತ್ತಿಲ್ಲ. ಪ್ರಿಂಟ್‌ನ ಬಣ್ಣವನ್ನೂ ಪೂರ್ತಿ ನಂಬಬೇಡಿ. ಅಂಚನ್ನು ಮಾತ್ರ ನಂಬಬಹುದು.

ಓರ್ತಿಸ್ ಕಥೆ ನಾನು ಕೊನೆಗೆ ಹೇಳುತ್ತೇನೆ. ಮೊದಲೇ ಹೇಳಿದರೆ ಎಲ್ಲರೂ ಬೂದು ಬಣ್ಣದಲ್ಲಿ ಕಣ್ಣೀರು ಹುಡುಕುತ್ತಾರೆ. ಅವರು 1895ರಲ್ಲಿ ಹಾಯೆನ್ ಊರಲ್ಲಿ ಹುಟ್ಟಿ ಗ್ರನಾಡಾದಲ್ಲಿ ಬೆಳೆದವರು. ಕವಿ ಲೋರ್ಕಾ ಅವರ ಗೆಳೆಯ. 1922ರಲ್ಲಿ ಆಲಂಬ್ರಾದಲ್ಲಿ ನಡೆದ ಜನಪದ ಹಾಡುಗಾರಿಕೆಯ ಸ್ಪರ್ಧೆಗೆ ಕಲಾವಿದ ಹೆರ್ಮೆನೆಖಿಲ್ದೊ ಲಾನ್ಸ್ ಜೊತೆ ಸೇರಿ ಪೋಸ್ಟರ್ ಮಾಡಿದರು. 1936ರಲ್ಲಿ ಲೋರ್ಕಾರನ್ನು ಗ್ರನಾಡಾದ ಹೊರಗೆ ಗುಂಡಿಟ್ಟು ಕೊಂದರು. ಆ ವರ್ಷ ಶುರುವಾದ ಸ್ಪೇನ್‌ನ ಅಂತರ್ಯುದ್ಧದಲ್ಲಿ ಗಣರಾಜ್ಯದ ಪಕ್ಷ ಸೋತಾಗ, 1939ರಲ್ಲಿ, ಓರ್ತಿಸ್ ಫ್ರಾನ್ಸಿಗೆ ಓಡಿದರು. ಸಮುದ್ರ ದಂಡೆಯ ಮರಳಿನ ಮೇಲಿದ್ದ ಸೇಂಟ್ ಸಿಪ್ರಿಯಾನ್ ಶಿಬಿರದಲ್ಲಿ ಅವರನ್ನು ಕೂಡಿಹಾಕಿದರು. ಅಲ್ಲಿಂದ ಅವರನ್ನು ಬಿಡಿಸಿದವರು ಚಿತ್ರಕಾರ ಪಿಕಾಸೊ. ಆಮೇಲೆ ಅರ್ಜೆಂಟೀನಾ. ಆ ದೇಶದ ದಕ್ಷಿಣದ ಪಟಗೋನಿಯಾದಲ್ಲಿ ಕಲ್ಲು, ಮರದ ತುಂಡು ಆರಿಸಿ ಶಿಲ್ಪ ಮಾಡಿದರು. 1948ರಲ್ಲಿ ಪ್ಯಾರಿಸ್‌ಗೆ ಮರಳಿದರು. 1950ರ ದಶಕದ ಕೊನೆಯ ಹೊತ್ತಿಗೆ ಮತ್ತೆ ಗ್ರನಾಡಾ ನೋಡುವುದು ಸಾಧ್ಯವಾಯಿತು. ಆ ಬಳಿಕ ಬಂದದ್ದು ಈ ಚಿತ್ರಗಳು.

ಅಷ್ಟು ವರ್ಷ ದೂರ ಇದ್ದದ್ದು ಚಿತ್ರಕ್ಕೆ ಬಂದಿರಬಹುದು. ಬಂದಿಲ್ಲ ಅನ್ನಲು ನಾನು ಯಾರು? ಆದರೆ ಯಾವ ಬೂದು ದುಃಖ, ಯಾವ ಬೂದು ಬರೀ ನೆರಳು ಅಂತ ತೋರಿಸಿ ಎಂದರೆ ನಾನು ತೋರಿಸುವುದಿಲ್ಲ.

ಎಂಜಿನಿಯರ್ ಸರ್ ಮುಂದಿನ ವಾರ ಹೊಸ ಟ್ರೇಸಿಂಗ್ ಹಾಳೆ ತಂದಿದ್ದರು. ನಂಬರ್ ಇರಲಿಲ್ಲ. ಆ ಒಂದು ಬಿಳಿ ತುಂಡಿನ ನಾಲ್ಕು ಅಂಚುಗಳನ್ನಷ್ಟೇ ಬರೆದುಕೊಂಡು, ಇಡೀ ಎರಡು ಗಂಟೆ ಅದರ ಮುಂದೆ ಕೂತಿದ್ದರು.